ಹನ್ನೆರಡನೆಯ ಬಂದೂಕು

ಗೊಡಿ ಮಾಡಿದ ತಪ್ಪೆಂದರೆ ಬಂದೂಕಿಗೆ ಬಟ್ಟೆ ಸುತ್ತಿದ್ದು. ನಮ್ಮ ಬರ್ನ್ ಸೀಮೆಯಲ್ಲಿ ಭಾನುವಾರ ಬೆಳಿಗ್ಗೆ ಹೆಗಲಿಗೆ ಬಂದೂಕು ಹಾಕಿಕೊಂಡು ಗುರಿ ಮೈದಾನಕ್ಕೆ ಸೈಕಲ್ ತುಳಿಯುವವನನ್ನು ಯಾರೂ ತಿರುಗಿ ನೋಡುವುದಿಲ್ಲ. ಅದನ್ನೇ ಹೂವಿನ ಚಿತ್ರದ ಮೇಜಿನ ಹಾಸಿನಲ್ಲಿ ಸುತ್ತಿಕೊಂಡು ಹೊರಟರೆ ಊರಿಗೆ ಊರೇ ನಿಂತು ನೋಡುತ್ತದೆ.

ಸುತ್ತದೆ ಅವನಿಗೆ ಬೇರೆ ದಾರಿಯಿರಲಿಲ್ಲ. ಮನೆಯ ಗೋಡೆಯ ಮೇಲೆ ಆಗಲೇ ಹತ್ತು ಹಳೆಯ ಸೈನ್ಯದ ಬಂದೂಕುಗಳಿದ್ದವು, ಅಟ್ಟದ ಪೆಟ್ಟಿಗೆಯಲ್ಲಿ ಹನ್ನೊಂದನೆಯದು. "ಇನ್ನೊಂದು ಈ ಹೊಸಿಲು ದಾಟಿ ಒಳಗೆ ಬಂದ್ರೆ ನಾನು ಹೊರಗೆ ಹೋಗ್ತೀನಿ. ಥೂನ್‌ನಲ್ಲಿ ನನ್ನ ತಂಗಿ ಇದಾಳೆ" ಎಂದು ಹೆಂಡತಿ ಹೆಡಿ ಈಸ್ಟರ್ ದಿನ ಹೇಳಿದ್ದಳು. ಹೆಡಿ ಹೇಳಿದ್ದನ್ನು ಮಾಡುವವಳು. ಗೊಡಿ ಮಾತು ಕೊಟ್ಟಿದ್ದ, ಮನಸ್ಸಿನಿಂದಲೇ ಕೊಟ್ಟಿದ್ದ.

ಆದರೆ ಆ ಭಾನುವಾರ ಬೆಳಿಗ್ಗೆ ಪಕ್ಕದೂರಿನ ಒಬ್ಬ ವಿಧವೆ ಅವನನ್ನು ಕರೆಸಿದಳು. "ಯಜಮಾನರ ಬಂದೂಕು ಮೂಲೇಲಿ ನಿಂತಿದ್ರೆ ಅವರೇ ನಿಂತಂಗೆ ಕಾಣತ್ತಪ್ಪ. ತಗೊಂಡ್ ಹೋಗು. ಗೋಡೆಗೆ ನೇತುಹಾಕ್ಬೇಡ, ಹೊಡಿ."

ಹಾಲಿನ ಲಾರಿ ಓಡಿಸಿ ಓಡಿಸಿ ಗೊಡಿಯ ಸೊಂಟ ಹಾಳಾಗಿತ್ತು. ಯಾವುದರಲ್ಲೂ ಮೊದಲಿನ ಹುರುಪಿರಲಿಲ್ಲ. ಆ ಉದ್ದನೆಯ ಬಂದೂಕಿನ ಆಕ್ರೋಟು ಮರದ ಹಿಡಿಯಲ್ಲಿ ಒಂದು ಸವೆದ ಜಾಗವಿತ್ತು. ಅವಳ ಗಂಡನಿಗೂ ಮುಂಚೆ, ಯುದ್ಧದ ವರ್ಷಗಳಲ್ಲಿ ಗಡಿಯ ಹಿಮದಲ್ಲಿ ಕಾವಲು ಕಾದ ಯಾವನೋ ತನ್ನ ಕೆನ್ನೆಯಿಂದ ಸವೆಸಿದ್ದು. ಗೊಡಿ ಅಲ್ಲಿ ಕೆನ್ನೆಯಿಟ್ಟ. ಎಣ್ಣೆ, ಚರ್ಮ, ಹಳೆಯ ಮರದ ವಾಸನೆ ಒಟ್ಟಿಗೆ ಬಂತು. ಸೊಂಟವಿದೆ ಎಂಬುದೇ ಮರೆತುಹೋಯಿತು. ಅಲ್ಲಿಗೆ ಮಾತು ಕೊಟ್ಟಿದ್ದೂ ಮರೆತಂತಾಯಿತು. ಹೊರಡುವಾಗ ಮಾತ್ರ ಹೆಡಿ ನೆನಪಾದಳು, ವಿಧವೆಯ ಮೇಜಿನ ಹಾಸನ್ನೇ ಕೇಳಿ ಸುತ್ತಿಕೊಂಡ.

ಬಸ್ ನಿಲ್ದಾಣದ ಹತ್ತಿರ, ಚರ್ಚಿಗೆ ಹೊರಟಿದ್ದ ಪಕ್ಕದ ಮನೆಯ ಮುದುಕಿ ಫ್ರೌ ಗೆರ್ಚ್ ಎದುರಾದಳು.

"ಏನೋ ಗೊಡಿ, ಯಾರ ಹೆಣ ಅದು?"

"ಬಂದೂಕು."

"ನಿನ್ ಬಂದೂಕೆಲ್ಲ ನಂಗೊತ್ತು. ವಾರ ವಾರ ಕಿಟಕಿ ಹತ್ರ ಕೂತು ಒರೆಸ್ತಿರ್ತೀಯಲ್ಲ. ಇಷ್ಟುದ್ದದ್ದು ನಿನ್ ಹತ್ರ ಇಲ್ಲ."

"ಫ್ರಿಡೊಲಿನ್‌ದು. ಇವತ್ತಿನ ಸ್ಪರ್ಧೆಗೆ ಅಂತ ಕೊಟ್ಟಿದಾನೆ."

"ಮತ್ತೆ ಯಾಕೆ ಹಿಂಗೆ ಬೆವರ್ತಿದೀಯ?"

"ಏರು ದಾರಿ ನೋಡಿ."

"ಇದು ಇಳಿಜಾರು, ಗೊಡಿ."

ಬೇಕರಿಯ ಫ್ರಿಡೊಲಿನ್ ಗುರಿ ಮೈದಾನದಲ್ಲೇ ಸಿಕ್ಕ. ಚರ್ಚಿನ ಪ್ರವಚನ ಮುಗಿಯುವ ತನಕ ಗುಂಡು ಹಾರಿಸುವ ಹಾಗಿಲ್ಲವಾದ್ದರಿಂದ ಎಲ್ಲರೂ ಕಾಫಿ ಕುಡಿಯುತ್ತ ಕೂತಿದ್ದರು. ಗೊಡಿ ಅವನನ್ನು ಪಕ್ಕಕ್ಕೆ ಎಳೆದ.

"ಇವತ್ತೊಂದಿನ ಇದು ನಿಂದು ಅಂದ್ಬಿಡು ಮಾರಾಯ. ಸಂಜೆ ಬಂದು ಒಯ್ತೀನಿ, ಎಲ್ಲಾದ್ರೂ ಬಚ್ಚಿಡ್ತೀನಿ."

"ಅದಕ್ಕೇನಂತೆ, ನಂದೇ. ನಿನ್ನ ಅಟ್ಟದಲ್ಲಿರೋದೂ ನಂದು ಅಂದ್ಬಿಡ್ಲಾ?"

ಅಟ್ಟದ ಆ ಗಿಡ್ಡ ಬಂದೂಕಿನ ಮೇಲೆ ಫ್ರಿಡೊಲಿನ್‌ಗೆ ಬಹಳ ವರ್ಷಗಳಿಂದ ಕಣ್ಣು. ಕಾರ್ಖಾನೆಯಿಂದ ಬಂದ ಮೇಲೆ ಒಂದು ಗುಂಡೂ ಹಾರಿಸದೆ ಇದ್ದದ್ದು ಅದು. ಅಂದು ಮೆತ್ತಿದ ಗ್ರೀಸ್ ಇನ್ನೂ ಹಾಗೆಯೇ ಇತ್ತು. ಹೊಡೆದರೆ ಅದರ ಬೆಲೆ ಹೋಯಿತು, ಒರೆಸಿದರೂ ಹೋಯಿತು. ಅದಕ್ಕೇ ಗೊಡಿ ಅದನ್ನು ಮುಟ್ಟುತ್ತಿರಲಿಲ್ಲ. ಅವನ ಪ್ರಾಣವೆಲ್ಲ ಅದರಲ್ಲೇ ಇತ್ತು.

"ನಾನು ಸತ್ತ ಮೇಲೆ ಕೇಳು" ಎಂದ ಗೊಡಿ.

ಪ್ರವಚನ ಮುಗಿಯಿತು. ಚರ್ಚಿನಿಂದ ನೇರವಾಗಿ ಹೆಡಿ ಬಂದಳು. ಹಿಂದೆಯೇ ಫ್ರೌ ಗೆರ್ಚ್. ಪ್ರಾರ್ಥನೆಯ ನಡುವೆಯೇ ಸುದ್ದಿ ಮುಟ್ಟಿತ್ತು.

"ಫ್ರಿಡೊಲಿನ್, ಇದು ನಿಂದಾ?" ಹೆಡಿ ಕೇಳಿದಳು.

"ನಂದೇ ಹೆಡಿ. ನಮ್ಮ ಮಾವನ ಕಾಲದ್ದು."

"ನಿಮ್ಮಾವ ಪಾದ್ರಿ ಅಲ್ವೇನೋ?" ಎಂದಳು ಮುದುಕಿ.

"ಪಾದ್ರಿ ಆಗೋಕ್ ಮುಂಚೆ!"

ಗೊಡಿಗೆ ಸುಳ್ಳು ಹೇಳಿಯೇ ಸುಸ್ತಾಗಿತ್ತು. ಬೋರಲು ಮಲಗಿ, ಸವೆದ ಜಾಗಕ್ಕೆ ಕೆನ್ನೆಯಿಟ್ಟ. ದೂರದ ಗುರಿಹಲಗೆ ಸಾಸಿವೆಯಷ್ಟು ಕಾಣುತ್ತಿತ್ತು. ಟ್ರಿಗರ್ ಎಳೆದ. ಭುಜಕ್ಕೆ ಬಿದ್ದ ಗುದ್ದು ಹಳೆಯ ಗೆಳೆಯ ತಟ್ಟಿದಂತಿತ್ತು. ಹೊಡೆದದ್ದೆಲ್ಲ ನಡುವಿಗೇ ಹೋಯಿತು. ಹಳೆ ಬಂದೂಕುಗಳ ರಾಜ ಎಂದು ಗೊಡಿಯ ತಲೆಗೆ ಓಕ್ ಎಲೆಯ ಕಿರೀಟವಿಟ್ಟರು. ಅವನು ಕಣ್ಣೊರೆಸಿಕೊಂಡು ಬಂದೂಕಿಗೆ ಮುತ್ತಿಟ್ಟ. ಹೆಡಿ ಅದನ್ನು ನೋಡಿದಳು. ಆಮೇಲೆ ಫ್ರಿಡೊಲಿನ್ ಅದೇ ಬಂದೂಕನ್ನು ಹೆಗಲಿಗೇರಿಸಿ ಶಿಳ್ಳೆ ಹಾಕುತ್ತ ಹೊರಟಾಗ ಗಂಡನ ಮುಖ ಜೋತುಬಿದ್ದದ್ದನ್ನೂ ನೋಡಿದಳು.

ಸಂಜೆ ಗೊಡಿ ಕಿರೀಟ ತೆಗೆಯುವುದನ್ನೂ ಮರೆತು ಫ್ರಿಡೊಲಿನ್‌ನ ಹಿತ್ತಿಲ ಬಾಗಿಲು ತಟ್ಟಿದ.

"ಅವರಾ? ನಿಮ್ಮನೆ ಕಡೆನೇ ಹೋದ್ರಲ್ಲ" ಎಂದಳು ಅವನ ಹೆಂಡತಿ.

ಸೊಂಟ ಹಿಡಿದುಕೊಂಡು ಮನೆಗೆ ಬಂದರೆ, ಊಟದ ಮೇಜಿನ ಮೇಲೆ ಆ ಉದ್ದನೆಯ ಬಂದೂಕು! ಹೆಡಿಯ ಬಟ್ಟೆಯ ಪೆಟ್ಟಿಗೆ ಎಲ್ಲಿದೆಯೆಂದು ಸುತ್ತ ನೋಡಿದ. ಆದರೆ ಬಂದೂಕಿಗೆ ಕೆಂಪು ರಿಬ್ಬನ್ ಕಟ್ಟಿತ್ತು.

"ಗಾಬರಿಯಾಗ್ಬೇಡ. ಬೆಳಿಗ್ಗೆ ನಿನ್ ಮುಖ ನೋಡ್ದೆ ಕಣೋ. ನಮ್ ಮದ್ವೆ ದಿನಾನೂ ಆ ಮುಖ ಇರ್ಲಿಲ್ಲ. ಫ್ರಿಡೊಲಿನ್‌ನ ಕೇಳ್ದೆ. ಮಾವಂದು, ಕೊಡಲ್ಲ ಅಂತ ಒದ್ದಾಡ್ದ, ಆಮೇಲೆ ಒಪ್ಕೊಂಡ. ಇನ್ಮೇಲೆ ಇದು ನಿಂದೇ."

"ಮತ್ತೆ... ತಂಗಿ ಮನೆ?"

"ನಾನ್ಯಾಕೆ ಹೋಗ್ಲಿ? ಲೆಕ್ಕ ಅದೇ ಹನ್ನೊಂದು. ಒಂದು ಬಂತು, ಒಂದು ಹೋಯ್ತು."

"ಯಾವುದು ಹೋಯ್ತು?"

"ಅಟ್ಟದ್ದು. ಇಷ್ಟು ವರ್ಷದಲ್ಲಿ ಒಂದ್ಸಲನಾದ್ರೂ ಹೊಡೆದ್ಯಾ? ಅದರ ಜಿಡ್ಡೂ ಒರೆಸ್ಲಿಲ್ಲ. ನಿಂಗೆ ಅದು ಇಷ್ಟ ಇಲ್ಲ ಅಂತ ನಂಗೊತ್ತಾಗಲ್ವಾ? ಫ್ರಿಡೊಲಿನ್ ಒಳ್ಳೆಯವನು, ಆ ಕೊಳಕನ್ನೇ ಸಾಕು ಅಂತ ತಗೊಂಡ."

ಗೊಡಿ ಕುರ್ಚಿ ಎಳೆದು ಕೂತ. ಬಾಯಿ ಬಿಟ್ಟರೆ ಬೆಳಗಿನಿಂದ ಹೇಳಿದ್ದೆಲ್ಲ ಬಿಚ್ಚಬೇಕು. ಹೆಡಿಯ ಮುಖ ಸಂತೋಷದಿಂದ ಹೊಳೆಯುತ್ತಿತ್ತು. ಇಷ್ಟು ವರ್ಷಗಳಲ್ಲಿ ಅವಳು ಅವನಿಗಾಗಿ ಬಂದೂಕು ತಂದದ್ದು ಇದೇ ಮೊದಲು.

"ಏನಾದ್ರೂ ಅನ್ನು" ಎಂದಳು.

"ತುಂಬಾ... ಸಂತೋಷ ಆಯ್ತು."

"ಈರುಳ್ಳಿ ಪೈ ಮಾಡಿದೀನಿ. ಬಿಸಿ ಆರೋಕ್ ಮುಂಚೆ ಫ್ರಿಡೊಲಿನ್‌ಗೆ ಕೊಟ್ಬಿಟ್ಟು ಬಾ. ಪಾಪ, ಎಷ್ಟು ದೊಡ್ಡ ಮನಸ್ಸು. ಸರಿಯಾಗಿ ಕೈ ಕುಲುಕಿ ಥ್ಯಾಂಕ್ಸ್ ಹೇಳು."

ಗೊಡಿ ಪೈ ತಟ್ಟೆ ಹಿಡಿದು ಎದ್ದ. ಕಿರೀಟ ಇನ್ನೂ ತಲೆಯ ಮೇಲೇ ಇತ್ತು.