ಒಂಬತ್ತಾದ ಮೇಲೆ ಹತ್ತು

ಯತೀಶನ ಮದುವೆಗೆ ಅಡ್ಡ ಬಂದದ್ದು ಜಾತಕವಲ್ಲ, ಒಂದು ಚುಕ್ಕಿ.

ಹರಾಜಿನಲ್ಲಿ ಹೊಗೆಸೊಪ್ಪಿನ ಮೂಟೆ ಮಾರಲು ತಮ್ಮ ಸರದಿ ಯಾವತ್ತು ಎಂದು ಹುಣಸೂರಿನ ಸುತ್ತಿನ ರೈತರು ನೋಡಿಕೊಳ್ಳುತ್ತಿದ್ದುದು ಅವನು ಬರೆದ ಆ್ಯಪಿನಲ್ಲಿ. ಎಲ್ಲರ ಫೋನಿನಲ್ಲೂ ಅದರ 2.9ನೇ ಆವೃತ್ತಿ ಇತ್ತು. ಅಂದು ಬೆಳಿಗ್ಗೆ 2.10 ಬಿಟ್ಟ. ಫೋನುಗಳು ಅದನ್ನು ದಶಮಾಂಶವೆಂದೇ, ಅಂದರೆ 2.1 ಎಂದು ಓದಿ, "ನಿಮ್ಮಲ್ಲಿರುವುದೇ ಹೊಸದು" ಎಂದು ಹಟ ಹಿಡಿದವು. ಹಳೆಯದರಲ್ಲೋ ಈ ವಾರದ ಸರದಿಯೇ ಕಾಣದು.

"ಇದು ಸರಿಯಾಗೋವರ್ಗೂ ನಾಳೆ ರಜ ಮರ್ತ್‌ಬುಡಿ," ಎಂದರು ಆ್ಯಪ್ ಕಂಪನಿಯ ಮಾಲೀಕ ಬಸವಪ್ರಸಾದ್.

ನಾಳೆ ಕೋಟೆ ತಾಲ್ಲೂಕಿನ ಹ್ಯಾಂಡ್‌ಪೋಸ್ಟ್‌ಗೆ ಹೆಣ್ಣು ನೋಡಲು ಹೋಗಬೇಕಿತ್ತು. ಐಶ್ವರ್ಯಳ ಫೋಟೊ ಕಂಡಾಗಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ಆದರೂ ಎದೆಗುಂದುವ ಆಸಾಮಿಯಲ್ಲ. "ಅರ್ಧ ಗಂಟೆ ಕೆಲ್ಸ ಸಾರ್," ಎಂದ.

ಮಧ್ಯಾಹ್ನ ಆಫೀಸಿಗೆ ಟೀ ತರುವ ಅಜ್ಜಿ ಪುಟ್ಟಮಲ್ಲಮ್ಮ ಇಣುಕಿದರು. "ಯಾಕ್ಲಾ ಮಗಾ ಮಂಕಾಗಿದ್ದೀಯ?"

"2.9ಕ್ಕಿಂತ 2.10 ಚಿಕ್ದು ಅಂತದೆ ಅಜ್ಜಿ ಫೋನು."

"ನಮ್ ಹೊಲದ ಸರ್ವೆ ನಂಬರು 42/9. ಪಕ್ಕದ್ದು 42/10. ಒಂಬತ್ತಾದ್ಮೇಲೆ ಹತ್ತೇ ಕಣ್ಲಾ!"

ಯತೀಶ ಹಣೆ ಚಚ್ಚಿಕೊಂಡ. ಚುಕ್ಕಿಯ ಬಳಿ ಕತ್ತರಿಸಿ, ಎರಡು ತುಂಡನ್ನೂ ಬೇರೆಬೇರೆ ಹೋಲಿಸುವಂತೆ ತಿದ್ದಿ 2.11 ಬಿಟ್ಟ. ಫೋನುಗಳು ಅದನ್ನೂ ಮೂಸಲಿಲ್ಲ. ಬುದ್ಧಿ ಬಂದಿದ್ದುದು ಹೊಸದಕ್ಕೆ, ಬೇಡವೆನ್ನುತ್ತಿದ್ದುದು ಹಳೆಯದು.

"ಅಂಗಾರೆ ಮೂರು ಅನ್ನು. ಮೂರ್ನ ಯಾವ್ ಫೋನು ಚಿಕ್ದು ಅಂತದೆ?" ಎಂದರು ಅಜ್ಜಿ.

ಬರೀ 3 ಎಂದು ಬರೆದ.

"ಒಂದ್ಸಲ ಪರೀಕ್ಷೆ ಮಾಡಲ್ವಾ?" ಎಂದರು ಬಸವಪ್ರಸಾದ್.

"ನಾನ್ ಬರ್ದಿದ್ದಕ್ಕೆ ಪರೀಕ್ಷೆಯಾ ಸಾರ್?"

ಹತ್ತು ನಿಮಿಷದಲ್ಲಿ ಕೋಟೆ, ಪಿರಿಯಾಪಟ್ಟಣದ ಫೋನುಗಳೂ ಮೂರನ್ನು ನುಂಗಿದವು. ರಜೆ ಮಂಜೂರಾಯಿತು. ಯತೀಶ ಅಜ್ಜಿಗೆ ಮೈಸೂರು ಪಾಕು ತರಿಸಿ, ತಾನೂ ಒಂದು ಬಾಯಿಗೆ ಹಾಕಿಕೊಂಡ. ಅಷ್ಟರಲ್ಲಿ ಐಶ್ವರ್ಯಳ ತಂದೆ ಷಣ್ಮುಖಪ್ಪನವರ ಫೋನು ಬಂತು. ಅವರೂ ಹೊಗೆಸೊಪ್ಪು ಬೆಳೆಯುವವರೇ.

"ಯತೀಶ್‌ರೇ, ನಿಮ್ ಆ್ಯಪು ತೆಗುದ್ರೆ ಸಾಕು ಮುಚ್ಕಂತದಲ್ಲಾ. ಊರ್ನಲ್ಲಿ ಒಂದೂ ಓಡ್ತಿಲ್ಲ ಕಣ್ರೀ."

ಯತೀಶನ ಬಾಯಲ್ಲಿ ಪಾಕು ಹಾಗೇ ನಿಂತಿತು. ಮೂರರಲ್ಲಿ ಚುಕ್ಕಿಯೇ ಇಲ್ಲ! ಇಲ್ಲದ ಎರಡನೇ ತುಂಡನ್ನು ಹುಡುಕಿ ಹುಡುಕಿ ಆ್ಯಪು ತೆರೆದ ಕೂಡಲೇ ಸಾಯುತ್ತಿತ್ತು. ಸತ್ತದ್ದು ಹೊಸದನ್ನು ಕೇಳಿ ಪಡೆಯುವಂತೆಯೂ ಇಲ್ಲ. ಒಂದೊಂದು ಫೋನನ್ನೂ ಕೈಯಲ್ಲಿ ಹಿಡಿದೇ ಸರಿಮಾಡಬೇಕು.

"ನಾ... ನಾಳೆ ಬತ್ತಿದ್ದೀನಲ್ಲ..."

"ಬನ್ನಿ ಬನ್ನಿ. ಊರಿನ ಅರವತ್ತು ಫೋನೂ ಜಗಲಿ ಮೇಲೆ ಜೋಡ್ಸಿರ್ತೀವಿ. ಅವೆಲ್ಲ ಓಡುದ್ರೆ ಆಮೇಲೆ ಹೆಣ್ಣಿನ ಮಾತು. ಪರೀಕ್ಷೆ ಮಾಡ್ದೆ ಯಾವ್ದೂ ಒಪ್ಕಬೇಡಿ ಅಂದವ್ಳೆ ನಮ್ ಐಶ್ವರ್ಯ."

ಪಕ್ಕದಲ್ಲೇ ನಿಂತು ಕೇಳಿಸಿಕೊಂಡ ಬಸವಪ್ರಸಾದ್ ರಜೆ ಅರ್ಜಿ ತೆಗೆದು, "ರಜೆ" ಎಂಬುದನ್ನು ಹೊಡೆದು "ಡ್ಯೂಟಿ" ಎಂದು ಬರೆದರು.