ಗಾಬೋಳಿಯ ಪೂರ್ವಾಪರ

ಹೆಚ್ಚು ಓದಿದವರನ್ನು ಮೀನುಪೇಟೆಗೆ ಕಳಿಸಬಾರದು ಎಂಬುದು ನನ್ನ ಅನುಭವದ ಮಾತು. ಏನು ಮಾಡುವುದು, ನಮ್ಮ ಮನೆಯಲ್ಲಿ ಹೆಚ್ಚು ಓದಿದವನೂ ನಾನೇ, ಮೀನು ತರಬೇಕಾದವನೂ ನಾನೇ. ಆಗ ಕಾರವಾರದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಹೆಂಡತಿ ಸುಮನಾ ಚೊಚ್ಚಲ ಹೆರಿಗೆಗೆಂದು ಅಂಕೋಲೆಯ ಬೊಬ್ರುವಾಡದ ತವರಿನಲ್ಲಿದ್ದಳು. ಅವಳ ಬಯಕೆ ಒಂದೇ: ಹುರಿದ ಗಾಬೋಳಿ, ಅಂದರೆ ಮೀನಿನ ಹೊಟ್ಟೆಯೊಳಗಿನ ತತ್ತಿ. ಹಿಂದಿನ ಶನಿವಾರ ಬರಿಗೈಲಿ ಹೋಗಿದ್ದೆ. ಹೇಳಿಯೇ ಇಲ್ಲ ಎಂದು ನಾನು, ಮೂರು ಸಲ ಹೇಳಿದ್ದೇನೆ ಎಂದು ಅವಳು. ನನ್ನ ನೆನಪಿನ ಮೇಲೆ ನನಗೇ ಅಷ್ಟು ನಂಬಿಕೆಯಿಲ್ಲದ್ದರಿಂದ ಸೋತೆ. "ಈ ಸಲವೂ ತರದಿದ್ರೆ ನೀವು ಬರೂದೇ ಬೇಡ," ಎಂದು ಫೋನಿನಲ್ಲಿ ತಣ್ಣಗೆ ಹೇಳಿದಳು. ಸಿಟ್ಟಿನಿಂದ ಹೇಳಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಈ ಸಲ ಮರೆಯಲಿಲ್ಲ. ಆದರೆ ಅದೇ ವಾರ ಕ್ಯಾವಿಯಾರ್ ಎಂಬ ದುಬಾರಿ ಮೀನುತತ್ತಿಯ ಬಗ್ಗೆ ಒಂದು ಲೇಖನ ಓದಿಬಿಟ್ಟಿದ್ದೆ. ಓದಿದೆನೋ, ಸ್ಟಾಫ್ ರೂಮಿನಲ್ಲಿ ಯಾರಾದರೂ ಹೇಳಿದರೋ, ಈಗ ಖಾತ್ರಿಯಿಲ್ಲ. ಪರದೇಶದ ಶ್ರೀಮಂತರು ತತ್ತಿ ತಿಂದು ತಿಂದು ಒಂದು ಮೀನಿನ ಕುಲವನ್ನೇ ಮುಗಿಸುತ್ತ ಬಂದಿದ್ದಾರಂತೆ. ಈಗ ತಿಳಿದವರು ಯಾವ ನೀರಿನದು, ಹೇಗೆ ಸಾಕಿದ್ದು ಎಂದು ಡಬ್ಬಿಯ ಮೇಲಿನ ಚೀಟಿ ನೋಡಿಯೇ ಕೊಳ್ಳುತ್ತಾರಂತೆ. ನಾನೇನು ತಿಳಿಯದವನೇ?

ಕಾರವಾರದ ಪೇಟೆಯಲ್ಲಿ ಮೀನು ಮಾರುವ ದೇವಕಿಬಾಯಿಯ ಬುಟ್ಟಿಯಲ್ಲಿ ಹೊಟ್ಟೆ ಉಬ್ಬಿದ ಶೇವಟೆ ಮೀನೊಂದಿತ್ತು. ಎಲ್ಲಿ ಹಿಡಿದದ್ದು, ಯಾವ ಬಲೆ, ಮರಿ ಮಾಡುವ ಕಾಲದಲ್ಲಿ ಹಿಡಿದದ್ದಲ್ಲವಷ್ಟೆ ಎಂದು ವಿಚಾರಿಸಿದೆ.

"ಮಾಸ್ತರೇ, ನಿಮ್ಗೆ ಗಾಬೋಳಿ ಬೇಕು. ಬಸುರಿ ಮೀನು ಮಾತ್ರ ಬೇಡ. ಹೌದಾ?"

"ಹಾಗಲ್ಲ ಬಾಯಿ..."

"ಹಾಗೇ. ಆಚೆ ಅಂಗಡೀಲಿ ಕೋಳಿಮೊಟ್ಟೆ ಸಿಕ್ತದೆ, ನೋಡಿ."

ಪಕ್ಕದ ಬುಟ್ಟಿಯವಳು ನನ್ನ ಕಡೆ ನೋಡದೆಯೇ ಹೇಳಿದಳು: "ಹೆಣ್ಣು ನೋಡೂಕೆ ಬಂದವ್ರೂ ಇಷ್ಟು ಕೇಳೂದಿಲ್ಲ, ಮಾರಾಯ್ತಿ."

ನಾನು ಇಬ್ಬರಿಗೂ ಮತ್ಸ್ಯಸಂತತಿಯ ಭವಿಷ್ಯವನ್ನು ವಿವರಿಸತೊಡಗಿದೆ. ಅಷ್ಟರಲ್ಲಿ ಕೈಗಾ ಅಣುಸ್ಥಾವರದ ಪಾಳಿ ಮುಗಿಸಿ ಬಸ್ಸಿಳಿದವನೊಬ್ಬ ಬಂದು, ಬೆರಳು ತೋರಿಸಿ, ಆ ಶೇವಟೆಯನ್ನು ಚೀಲಕ್ಕೆ ಹಾಕಿಸಿಕೊಂಡು ಹೊರಟೇಹೋದ. ಇಡೀ ಪೇಟೆಯಲ್ಲಿ ತತ್ತಿಯಿದ್ದ ಮೀನು ಅದೊಂದೇ ಆಗಿತ್ತು.

ಅಂಕೋಲೆ ತಲುಪುವವರೆಗೆ ಬಸ್ಸಿನಲ್ಲಿ ನನ್ನ ತತ್ತ್ವವನ್ನು ಸುಮನಾಗೆ ಹೇಗೆ ತಿಳಿಸುವುದೆಂದು ಅಭ್ಯಾಸ ಮಾಡಿದೆ. ಬಸುರಿ ಹೆಂಡತಿಯ ಮುಂದೆ ಬಸುರಿ ಮೀನಿನ ಪರವಾಗಿ ವಾದಿಸುವ ಧೈರ್ಯ ಯಾವ ವಿಶ್ವವಿದ್ಯಾಲಯವೂ ಕೊಟ್ಟಿರಲಿಲ್ಲ. ಇಳಿದವನೇ ಅಲ್ಲಿಯ ಮೀನುಪೇಟೆಗೆ ಓಡಿದೆ. ಕೊನೆಯ ಹೆಂಗಸು ಬುಟ್ಟಿ ಎತ್ತುವುದರಲ್ಲಿದ್ದಳು. ತಳದಲ್ಲಿ ಒಂದು ಮೀನು, ಅದರಲ್ಲಿ ಗಾಬೋಳಿ. ಅವಳು ಉತ್ಸಾಹದಿಂದ, "ಇದು ಎಲ್ಲೀದು ಗೊತ್ತಾ ಅಣ್ಣಾ, ಬೆಳಿಗ್ಗೆ ನಮ್ಮವ್ರು..." ಎಂದು ಶುರು ಮಾಡಿದಳು.

"ಬೇಡ, ಹೇಳಬೇಡಿ. ಕಟ್ಟಿಕೊಡಿ," ಎಂದೆ.

ಅತ್ತೆ ಹುರಿದುಕೊಟ್ಟದ್ದನ್ನು ಸುಮನಾ ಬೆರಳು ನೆಕ್ಕುತ್ತ ತಿಂದಳು. ತಟ್ಟೆ ಬರಿದಾದ ಮೇಲೆ ನನ್ನ ಕಡೆ ನೋಡಿ ನಕ್ಕಳು. ಅತ್ತೆಗೂ ಸಂತೋಷವಾಗಿತ್ತು.

"ಭಾರೀ ತಾಜಾ ಅದೆ. ಎಲ್ಲಿ ಹಿಡ್ದದ್ದಂತೆ?"

"ಗೊತ್ತಿಲ್ಲ, ಅತ್ತೆ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಷ್ಟೆಲ್ಲ ಓದಿ ಎಂತ ಬಂತು? ಮೀನು ತಕಂಬವ್ರು ಅಷ್ಟಾದ್ರೂ ಕೇಳೂದಲ್ವಾ?"