ಅತ್ತೆಯ ಒಸಡು, ನನ್ನ ರೊಟ್ಟಿ

ಹಲ್ಲಿನ ಡಾಕ್ಟರಿಗೆ ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗುವ ಕಷ್ಟವಿಲ್ಲ. ಎದುರಿಗೆ ಕೂತವರು ಬಾಯಿ ತೆರೆದೇ ಇರುತ್ತಾರೆ, ದಿನಕ್ಕೊಂದಾದರೂ ಅಲ್ಲಿಂದ ಉದುರುತ್ತದೆ.

ನಾನು ಶಹಾಪುರಕ್ಕೆ ಬಂದಾಗ ಸುತ್ತಲಿನ ಹೊಲಗಳಿಗೆ ಕಾಲುವೆ ನೀರು ಬಂದು ಕೆಲವೇ ವರ್ಷಗಳಾಗಿದ್ದವು. ಜೋಳದ ರೊಟ್ಟಿಯ ಮನೆಗಳಲ್ಲಿ ಭತ್ತದ ಚೀಲಗಳು ಬಂದು ಕೂತಿದ್ದವು. ನನಗೂ ಆಗಷ್ಟೇ ಮದುವೆ. ಅತ್ತೆ ಸಗರದಲ್ಲಿ, ನಾವಿಬ್ಬರು ಶಹಾಪುರದಲ್ಲಿ. ಭಾನುವಾರ ಊರಿಗೆ ಹೋದರೆ ರೊಟ್ಟಿ ಬಡಿಯುವುದು ನನ್ನ ಪಾಳಿ. ಹಾಸ್ಟೆಲಿನ ಅನ್ನ ತಿಂದು ಓದಿದವಳ ರೊಟ್ಟಿ ಹೇಗಿರಬೇಕೋ ಹಾಗೇ ಇರುತ್ತಿತ್ತು. ಮೊದಮೊದಲು ಅತ್ತೆ ಸುಮ್ಮನೆ ತಿಂದರು. ಆಮೇಲೆ ಚಹಾದಲ್ಲಿ ನೆನೆಸಿ ತಿಂದರು. ಒಂದು ದಿನ, "ರೊಟ್ಟಿ ಸಾಕವ್ವ. ಕಾಲುವಿ ನೀರಿನ ಅಕ್ಕಿ ಛಲೋ ಅದ, ನಂಗ ಅನ್ನ ಹಾಕು" ಎಂದುಬಿಟ್ಟರು.

ಅನ್ನವನ್ನು ಊಟವೆಂದೇ ಒಪ್ಪದಿದ್ದ ಹೆಂಗಸು! ನನಗೆ ಒಲೆಯ ಮುಂದೆಯೇ ಕಣ್ಣಲ್ಲಿ ನೀರು ಬಂತು. ಇವರು ಇಷ್ಟಪಟ್ಟು ತಿನ್ನುವಂಥ ಒಂದು ರೊಟ್ಟಿ ಮಾಡುವ ತನಕ ನಾನು ಈ ಮನೆಯ ಸೊಸೆ ಅಲ್ಲ ಎಂದು ಮನಸ್ಸಿಗೆ ಹತ್ತಿತು.

೧. ಹೂಳು

ಕಾಲುವೆಯ ಗೇಟು ನೋಡಿಕೊಳ್ಳುವವನೊಬ್ಬ ಬಂದ. ಹಲ್ಲುಜ್ಜಿದರೆ ಬ್ರಷ್ ಕೆಂಪಾಗುತ್ತಿತ್ತಂತೆ.

"ಈಗಲೂ ರಕ್ತ ಬರುತ್ತಾ?"

"ಇಲ್ರಿ ಮೇಡಂ. ತಿಕ್ಕೂದು ಬಿಟ್ಟು ಹದಿನೈದು ದಿನ ಆತು. ಒಸಡಿಗೆ ರಜಾ ಕೊಟ್ಟೀನಿ."

ಒಸಡು ಊದಿ ಕೆಂಪಾಗಿತ್ತು. ಹಲ್ಲಿನ ಬುಡದಲ್ಲಿ ಹಳದಿ ಪಾಚಿ. ತಿಳಿಸಿ ಹೇಳಿದೆ: ರಕ್ತ ಬಂದರೆ ಉಜ್ಜುವುದನ್ನು ಬಿಡಬಾರದು, ಮೆತ್ತಗಿನ ಬ್ರಷ್ ಹಿಡಿದು ಒಸಡಿನ ಅಂಚಿನಲ್ಲಿ ಎರಡು ಹೊತ್ತು ನಿಧಾನವಾಗಿ ತಿಕ್ಕಬೇಕು. ಗಟ್ಟಿಯಾದದ್ದನ್ನು ನಾನು ತೆಗೆಯುತ್ತೇನೆ. ಈಗಲೇ ನೋಡಿಕೊಂಡರೆ ಒಸಡು ಮೊದಲಿನಂತಾಗುತ್ತದೆ, ತಡ ಮಾಡಿದರೆ ಹಲ್ಲೇ ಅಲುಗಾಡುತ್ತದೆ. ಅವನ ಮುಖದಲ್ಲಿ ನಂಬಿಕೆ ಕಾಣಲಿಲ್ಲ.

"ಕಾಲುವೆಯಲ್ಲಿ ಹೂಳು ತುಂಬಿದರೆ ಏನು ಮಾಡ್ತೀರಿ?"

"ತಗಸ್ತೀವ್ರಿ."

"ಇಲ್ಲೂ ಹೂಳೇ ತುಂಬಿರೋದು."

ತಟ್ಟನೆ ಅರ್ಥವಾಯಿತು. ಕುರ್ಚಿಯಿಂದ ಇಳಿದು ಚಪ್ಪಲಿ ಮೆಟ್ಟಿಕೊಂಡ.

"ಹಂಗಾದ್ರ ಬ್ಯಾಸಗಿಗೆ ಬರ್ತೀನ್ರಿ. ನೀರು ಬಂದ್ ಆಗೂ ತನಕ ಹೂಳು ತಗ್ಯಾಂಗಿಲ್ಲ ನಾವು."

೨. ಗುರುತು

ನನಗೆ ಮುಖ ನೆನಪಿರುವುದಿಲ್ಲ, ಬಾಯಿ ನೆನಪಿರುತ್ತದೆ. ಒಮ್ಮೆ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಮಾಸ್ತರರು ಕೈ ಮುಗಿದರು. "ಗುರ್ತು ಸಿಗಲಿಲ್ಲೇನ್ರಿ ಮೇಡಂ?"

ನಾನು ಪಿಳಿಪಿಳಿ ನೋಡಿದೆ. ಅವರು ಸುತ್ತ ಒಮ್ಮೆ ನೋಡಿ, ಚೀಲ ಕೆಳಗಿಟ್ಟು, ಅಗಲವಾಗಿ ಬಾಯಿ ತೆರೆದರು.

"ಅಯ್ಯೋ ನೀವಾ! ಒಸಡು ಎಷ್ಟು ಚೆನ್ನಾಗಿ ವಾಸಿಯಾಗಿದೆ!" ಎಂದೆ.

ಸುರಪುರದ ಬಸ್ಸಿನ ಕಂಡಕ್ಟರ್ ಸೀಟಿ ಊದಲು ಹೊರಟವನು ಸೀಟಿ ಬಾಯಿಂದ ತೆಗೆದ. "ಮೇಡಂ, ಹಂಗ ನಂದೂ ಒಂದೀಟು ನೋಡಿಬಿಡ್ರಿ." ಬಸ್ಸು ಹೊರಡುವಷ್ಟರಲ್ಲಿ ಐದು ಜನರ ಬಾಯಿ ನೋಡಿದ್ದೆ. ನಾನು ಹೋಗಬೇಕಿದ್ದದ್ದೂ ಅದೇ ಬಸ್ಸಿಗೆ, ಹತ್ತುವುದು ಮರೆತೇ ಹೋಯಿತು.

೩. ಸಾಕ್ಷಿ

ಕಕ್ಕೇರಾದಿಂದ ಒಬ್ಬ ಮುದುಕಿ ಸೊಸೆಯನ್ನು ಎಳೆದುಕೊಂಡು ಬಂದಳು. ಬಟ್ಟೆಯಲ್ಲಿ ಕಟ್ಟಿ ತಂದಿದ್ದ ರೊಟ್ಟಿಗಳನ್ನು ನನ್ನ ಮೇಜಿನ ಮೇಲಿಟ್ಟಳು.

"ನೀವ ನೋಡ್ರಿ, ನೀವ ನ್ಯಾಯ ಹೇಳ್ರಿ. ಈಕಿ ರೊಟ್ಟಿ ತಿಂದು ನನ್ನ ಬಾಯಾಗ ರಕ್ತ ಬರಾಕತ್ತದ."

ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡೆ. ಎಂಥ ರೊಟ್ಟಿ! ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಮುದುಕಿಯ ಬಾಯಿ ನೋಡಿದೆ. ಹುರಿದ ತಂಬಾಕಿನ ಪುಡಿ ತಿಕ್ಕಿ ತಿಕ್ಕಿ ಒಸಡು ಹದಗೆಟ್ಟಿತ್ತು.

"ಯವ್ವಾ, ತಪ್ಪು ರೊಟ್ಟೀದಲ್ಲ, ಒಸಡಿಂದು. ಪುಡಿ ಬಿಡಿ, ಸರಿಯಾಗುತ್ತೆ."

ಮುದುಕಿಯ ಮುಖ ಸಣ್ಣದಾಯಿತು. "ಹಂಗಾದ್ರ ಆರು ತಿಂಗಳಿಂದ ನಾ ಬೈದದ್ದು?"

ಅಲ್ಲಿಯ ತನಕ ತಲೆ ಎತ್ತದ ಸೊಸೆ ಅತ್ತೆಯ ಬೆನ್ನು ಸವರಿದಳು. "ಇರ್ಲಿ ಬಿಡ್ರಿ ಅತ್ತಿ. ನಾನೂ ಅಷ್ಟ ಬೈದೀನಿ, ಮನಸಿನ್ಯಾಗ."

ಉಳಿದ ರೊಟ್ಟಿಗಳನ್ನು ನಾನು ಕೇಳಿ ಇಟ್ಟುಕೊಂಡೆ, ಮಾದರಿಗೆ. ಇಷ್ಟು ನ್ಯಾಯ ಹೇಳಿದವಳಿಗೆ ಸ್ವಂತ ಮನೆಯ ನೆನಪು ಆಗಲೂ ಬರಲಿಲ್ಲ ನೋಡಿ.

೪. ಸಗರದ ಕ್ಯಾಂಪು

ಸಗರದ ಶಾಲೆಯಲ್ಲಿ ಹಲ್ಲಿನ ತಪಾಸಣೆ ಇಟ್ಟಿದ್ದೆವು. ಸಾಲು ಅಂಗಳದಾಚೆ ಹೋಗಿತ್ತು. ನಾನು ತಲೆ ಎತ್ತದೆ, ಟಾರ್ಚು ಹಿಡಿದು ಒಂದಾದ ಮೇಲೊಂದು ಬಾಯಿ ನೋಡುತ್ತಿದ್ದೆ. ಕಣ್ಣು ಮುಚ್ಚುವ ತನಕ ಸೆರಗು ಎಳೆದುಕೊಂಡ ಹೆಂಗಸೊಬ್ಬಳು ಬಂದು ಕೂತಳು. ಬಾಯಿ ನೋಡಿ ಮರುಕವಾಯಿತು. ಒಸಡು ಊದಿತ್ತು, ಮುಟ್ಟಿದರೆ ರಕ್ತ. ಪುಣ್ಯಕ್ಕೆ ಹಲ್ಲು ಇನ್ನೂ ಗಟ್ಟಿಯಾಗಿದ್ದವು.

"ರೊಟ್ಟಿ ತಿನ್ನೋಕಾಗುತ್ತಾ?"

ಇಲ್ಲವೆಂದು ತಲೆಯಾಡಿತು.

ನನಗೆ ಸಿಟ್ಟು ಬಂತು. "ಇಷ್ಟಾಗೋ ತನಕ ಮನೇಲಿ ಯಾರೂ ನೋಡಲಿಲ್ವಾ? ಸೊಸೆ ಇಲ್ವಾ ನಿಮಗೆ?"

"ಅದಾಳವ್ವ," ಎಂದಿತು ಸೆರಗು. "ಊರ ಮಂದಿ ಬಾಯಿ ನೋಡೂದ್ರಾಗ ಆಕಿಗಿ ಪುರಸೊತ್ತಿಲ್ಲ."

ಕೈಯಲ್ಲಿದ್ದ ಟಾರ್ಚು ಬಿತ್ತು. ಸೆರಗು ಸರಿಸಿದರೆ ನನ್ನ ಅತ್ತೆ! ಸಾಲಿಗೆ ಸಾಲೇ ನಕ್ಕಿತು. ನಾನು ಮಾತ್ರ ಅವರ ಕೈ ಹಿಡಿದು ಅತ್ತುಬಿಟ್ಟೆ.

"ನನಗ್ಯಾಕೆ ಹೇಳಲಿಲ್ಲ ಅತ್ತೆ?"

"ನಿನ್ನ ರೊಟ್ಟಿ ತಿಂದು ರಕ್ತ ಬಂತು ಅಂದಿದ್ರ ನೀ ನೊಂದ್ಕೋತಿದ್ದಿ. ಓಣಿ ಮಂದಿ ಆಡ್ಕೋತಿದ್ರು. ಅದಕ್ಕ ಕಾಲುವಿ ಅಕ್ಕಿ ಹೆಸರು ಹೇಳಿದೆ."

ಮರುದಿನವೇ ಶಹಾಪುರಕ್ಕೆ ಕರೆತಂದು ಹಲ್ಲು ಸ್ವಚ್ಛ ಮಾಡಿದೆ. ನಮ್ಮ ಮನೆಯಲ್ಲೇ ಇರಿಸಿಕೊಂಡು, ಎರಡು ಹೊತ್ತು ಬ್ರಷ್ ಹಿಡಿದು ಪಕ್ಕದಲ್ಲೇ ನಿಂತೆ. ತಿಂಗಳು ಕಳೆಯುವಷ್ಟರಲ್ಲಿ ಒಸಡು ಗುಲಾಬಿ ಬಣ್ಣಕ್ಕೆ ತಿರುಗಿತು. ಒಂದು ಭಾನುವಾರ ಅವರೇ, "ಇವತ್ತು ರೊಟ್ಟಿ ಮಾಡವ್ವ" ಎಂದರು.

ಬಡಿದು, ಬೇಯಿಸಿ, ಬಿಸಿಬಿಸಿ ತಟ್ಟೆಗೆ ಹಾಕಿದೆ. ಅತ್ತೆ ತುಂಡು ಮುರಿದು ಕಟಕ್ಕನೆ ಕಡಿದರು. ರಕ್ತವಿಲ್ಲ, ನೋವಿಲ್ಲ.

"ನೋಡಿದ್ರಾ ಅತ್ತೆ, ನನ್ನ ರೊಟ್ಟೀದು ತಪ್ಪೇ ಇರಲಿಲ್ಲ!" ಎಂದು ಕುಣಿದೆ.

ಅತ್ತೆ ಅಗಿದರು. ಇನ್ನೂ ಅಗಿದರು. ನೀರು ಕುಡಿದು, ಪ್ರೀತಿಯಿಂದ ನನ್ನ ಗಲ್ಲ ಹಿಡಿದರು.

"ಇಷ್ಟು ದಿನ ನನ್ನ ಒಸಡು ನಿನ್ನ ಮಾನ ಕಾದಿತ್ತು ಮಗಳ. ಈಗ ಖರೇ ಹೇಳ್ತೀನಿ, ನಿನ್ನ ರೊಟ್ಟಿನೂ ಭಾಳ ಬಿರುಸು ಅದಾವ. ಏಳು, ಹಿಟ್ಟು ತಗೊಂಬಾ, ತೋರಿಸ್ತೀನಿ."